ವಾಹನಕ್ಕೆ ಹವ್ಯಾಸಿ ಹಾಗೂ ಸಿಬಿ ರೇಡಿಯೋ: ಖರೀದಿಗೆ ಮುನ್ನ ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಕಾರು, ಜೀಪು ಅಥವಾ ಲಾರಿಯಲ್ಲಿ ಅಳವಡಿಸಲು ಹವ್ಯಾಸಿ (ಹ್ಯಾಮ್) ಬ್ಯಾಂಡುಗಳಲ್ಲಿಯೂ ನಾಗರಿಕ ಬ್ಯಾಂಡಿನಲ್ಲಿಯೂ (ಸಿಬಿ) ಕೆಲಸ ಮಾಡುವ ಒಂದೇ ರೇಡಿಯೋ ದೊರೆಯುವುದೇ ಎಂಬುದು ಪರವಾನಗಿಗೆ ಅರ್ಜಿ ಸಲ್ಲಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ. ಪ್ರಶ್ನೆ ಸಹಜವಾದುದು. ವಾಹನದ ಮುಂಭಾಗದಲ್ಲಿ ಜಾಗ ಕಡಿಮೆ, ಛಾವಣಿಯ ಮೇಲೆ ಎರಡು ಆಂಟೆನಾ ನಿಲ್ಲಿಸಲು ಯಾರಿಗೂ ಮನಸ್ಸಾಗದು, ಒಂದೇ ಪೆಟ್ಟಿಗೆಗೆ ಹಣ ಕೊಡುವುದು ಲಾಭವೆಂದು ತೋರುತ್ತದೆ. ಅಂತಹ ಪೆಟ್ಟಿಗೆಗಳು ಮಾರಾಟಕ್ಕೂ ಇವೆ. ಆದರೆ ತಾಂತ್ರಿಕವಾಗಿ ಸಾಧ್ಯವಾದುದೆಲ್ಲವೂ ಅನುಮತಿಸಲ್ಪಟ್ಟಿರುವುದಿಲ್ಲ. ಎರಡೂ ಬ್ಯಾಂಡುಗಳಲ್ಲಿ ಪ್ರಸಾರ ಮಾಡುವ ಒಂದೇ ರೇಡಿಯೋ ಎರಡು ಸೇವೆಗಳ ಪೈಕಿ ಒಂದರ ನಿಯಮಕ್ಕೆ ಹೊರತಾಗಿಯೇ ಇರುತ್ತದೆ. ಹಣ ತೆತ್ತ ಮೇಲೆ ಉಪಕರಣವು ಸುಂಕದ ಕಟ್ಟೆಯಲ್ಲಿ ಉಳಿಯುವ ಅಥವಾ ತಪಾಸಣೆಯಲ್ಲಿ ವಶವಾಗುವ ಪ್ರಸಂಗ ಒದಗಬಾರದೆಂಬ ಉದ್ದೇಶದಿಂದ ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಲಾಗಿದೆ.

ಎರಡು ಸೇವೆಗಳು, ಎರಡು ಬಗೆಯ ಅನುಮತಿ

ಹವ್ಯಾಸಿ ಸೇವೆಯಲ್ಲಿ ಅನುಮತಿಯು ವ್ಯಕ್ತಿಗೆ ದೊರೆಯುತ್ತದೆ. ಅಭ್ಯರ್ಥಿಯು ಪರೀಕ್ಷೆಗೆ ಕುಳಿತು ರೇಡಿಯೋ ತತ್ವಗಳನ್ನೂ ನಿಯಮಗಳನ್ನೂ ಬಲ್ಲೆನೆಂದು ಸಿದ್ಧಪಡಿಸಬೇಕು. ಬಳಿಕ ಆತನಿಗೆ ಕರೆ ಸಂಕೇತವೊಂದನ್ನು ನೀಡಲಾಗುತ್ತದೆ. ಭಾರತದಲ್ಲಿ ಈ ಸಂಕೇತಗಳು ವಿಯು2 ಅಥವಾ ವಿಯು3 ಎಂಬ ಅಕ್ಷರಗಳಿಂದ ಆರಂಭವಾಗುತ್ತವೆ. ವ್ಯಕ್ತಿಯ ಅರಿವಿನ ಮೇಲೆ ವಿಶ್ವಾಸವಿಟ್ಟಿರುವುದರಿಂದಲೇ ಆತನು ಸ್ವತಃ ಕಟ್ಟಿದ ರೇಡಿಯೋವನ್ನೂ ಬಳಸಬಹುದು, ಹತ್ತಾರು ಬ್ಯಾಂಡುಗಳ ನಡುವೆ ತಿರುಗಿಸಬಹುದು.

ನಾಗರಿಕ ಬ್ಯಾಂಡಿನಲ್ಲಿ ಇದು ತಿರುವುಮುರುವು. ಇಲ್ಲಿ ಬಳಕೆದಾರನಿಗೆ ಪರೀಕ್ಷೆಯೂ ಇಲ್ಲ, ಕರೆ ಸಂಕೇತವೂ ಇಲ್ಲ. 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಗರಿಷ್ಠ 5 ವ್ಯಾಟ್ ಸಾಮರ್ಥ್ಯದ ಉಪಕರಣಗಳನ್ನು 2005ರಲ್ಲಿ ಕೇಂದ್ರ ಸರ್ಕಾರವು ಪರವಾನಗಿಯ ಅಗತ್ಯದಿಂದ ಮುಕ್ತಗೊಳಿಸಿತು. ಬಳಕೆದಾರನ ಅರಿವನ್ನು ಯಾರೂ ಪರೀಕ್ಷಿಸದ ಕಾರಣ ಉಪಕರಣವನ್ನು ಪರೀಕ್ಷಿಸಲಾಗುತ್ತದೆ. ಅದಕ್ಕೆ ಮಾದರಿ ಅನುಮೋದನೆ ಇರಬೇಕು, ಅದು ನಿಗದಿತ ಪಟ್ಟಿಯನ್ನೂ ಸಾಮರ್ಥ್ಯವನ್ನೂ ಮೀರಬಾರದು. ಇತರ ಸೇವೆಗಳಿಗೆ ಅಡಚಣೆ ಉಂಟುಮಾಡಬಾರದು, ತನಗೆ ಅಡಚಣೆಯಾದರೆ ರಕ್ಷಣೆ ಕೋರಲೂ ಬಾರದು. ಆಂಟೆನಾ ಕುರಿತ ಷರತ್ತನ್ನು ಮಾರಾಟಗಾರನ ಮಾತಿನಿಂದಲ್ಲದೆ ಅಧಿಸೂಚನೆಯ ಮೂಲಪಾಠದಿಂದಲೇ ಓದಿಕೊಳ್ಳತಕ್ಕದ್ದು.

ಹೀಗೆ ಒಂದರಲ್ಲಿ ಪರೀಕ್ಷೆಗೆ ಒಳಪಡುವವನು ಮನುಷ್ಯ, ಮತ್ತೊಂದರಲ್ಲಿ ಒಳಪಡುವುದು ಯಂತ್ರ. ಹ್ಯಾಮ್ ಪರವಾನಗಿ ಇದೆಯೆಂಬ ಕಾರಣಕ್ಕೆ 100 ವ್ಯಾಟಿನ ಹ್ಯಾಮ್ ಉಪಕರಣವನ್ನು 27 ಮೆಗಾಹರ್ಟ್ಸ್‌ಗೆ ತಿರುಗಿಸಿ ಮಾತನಾಡುವಂತಿಲ್ಲ. ಆ ಪಟ್ಟಿಯಲ್ಲಿ ಪರವಾನಗಿದಾರನೂ ಇತರ ನಾಗರಿಕರಂತೆಯೇ, ಅವನ ಕೈಯಲ್ಲಿರುವ ಯಂತ್ರವು ಅಲ್ಲಿಗೆ ಅನುಮೋದಿತವಾದುದಲ್ಲ. ಅಂತೆಯೇ ಸಿಬಿ ಉಪಕರಣವನ್ನು ಬಿಚ್ಚಿ, ತಂತಿ ಬದಲಿಸಿ 28 ಮೆಗಾಹರ್ಟ್ಸ್‌ಗೆ ಏರಿಸಿದರೆ, ಪರವಾನಗಿ ಇಲ್ಲದವನಿಗೆ ಅದು ಅನಧಿಕೃತ ಪ್ರಸಾರ ಕೇಂದ್ರವಾಗುತ್ತದೆ. ವೈರ್‌ಲೆಸ್ ಉಪಕರಣವನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ತಪ್ಪೆಂಬ ತತ್ವವು 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಅಧಿನಿಯಮದಿಂದ ಬಂದುದು. 2023ರ ದೂರಸಂಪರ್ಕ ಅಧಿನಿಯಮವೂ ಅದೇ ತತ್ವವನ್ನು ಮುಂದುವರಿಸಿದೆ. ಆದ್ದರಿಂದ "ಬಳಸಿಲ್ಲ, ಇಟ್ಟುಕೊಂಡಿದ್ದೆ ಅಷ್ಟೆ" ಎಂಬ ಸಮಜಾಯಿಷಿಗೆ ಹೆಚ್ಚಿನ ಬೆಲೆ ಇರುವುದಿಲ್ಲ.

ಅಂಗಡಿಯಲ್ಲಿ "ಎರಡಕ್ಕೂ ಆಗುತ್ತದೆ" ಎಂದು ತೋರಿಸುವ ಉಪಕರಣಗಳು

ಮೊದಲಿಗೆ ಒಂದು ಪದದ ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳಿತು. ಹ್ಯಾಮ್ ಉಪಕರಣದ ಮೇಲೆ "ಡ್ಯುಯಲ್ ಬ್ಯಾಂಡ್" ಎಂದು ಬರೆದಿದ್ದರೆ ಅದರ ಅರ್ಥ ಹ್ಯಾಮ್ ಮತ್ತು ಸಿಬಿ ಎಂದಲ್ಲ. 144 ಮೆಗಾಹರ್ಟ್ಸ್ ಮತ್ತು 430 ಮೆಗಾಹರ್ಟ್ಸ್ ಆಸುಪಾಸಿನ ಎರಡು ಹವ್ಯಾಸಿ ಬ್ಯಾಂಡುಗಳು ಎಂದು ಮಾತ್ರ ಅರ್ಥ. ಭಾರತದಲ್ಲಿ ಇವು 144–146 ಹಾಗೂ 434–438 ಮೆಗಾಹರ್ಟ್ಸ್. ಈ ಉಪಕರಣಗಳಿಗೂ ಸಿಬಿಗೂ ಯಾವ ಸಂಬಂಧವೂ ಇಲ್ಲ.

ಎರಡನೆಯ ಬಗೆಯದು "10 ಮೀಟರ್ ರೇಡಿಯೋ" ಎಂಬ ಹೆಸರಿನಿಂದ ಬರುವಂಥದ್ದು. ಹೊರನೋಟಕ್ಕೆ ಅದು 28ರಿಂದ 29.7 ಮೆಗಾಹರ್ಟ್ಸ್‌ವರೆಗಿನ ಹವ್ಯಾಸಿ ಬ್ಯಾಂಡಿನ ಉಪಕರಣ. ಆದರೆ ಗುಂಡಿಗಳ ಜೋಡಣೆ, 40 ಚಾನೆಲುಗಳ ತಿರುಗುಬಿಲ್ಲೆ, ಕೈಮೈಕು ಎಲ್ಲವೂ ಸಿಬಿಯ ಮಾದರಿಯಲ್ಲೇ ಇರುತ್ತವೆ. ಒಳಗಿನ ಸಣ್ಣ ತಂತಿಯೊಂದನ್ನು ಕತ್ತರಿಸಿದರೆ ಅಥವಾ ಗುಂಡಿಗಳನ್ನು ನಿರ್ದಿಷ್ಟ ಕ್ರಮದಲ್ಲಿ ಒತ್ತಿದರೆ ಅದು 27 ಮೆಗಾಹರ್ಟ್ಸ್‌ಗೂ ಇಳಿಯುತ್ತದೆ. ಮಾರುವವನು ಈ ಗುಟ್ಟನ್ನು ಉಚಿತ ಸೇವೆಯೆಂಬಂತೆ ಹೇಳಿಕೊಡುವುದುಂಟು. ಇಂತಹ ಸುಲಭ ಮಾರ್ಪಾಟಿಗೆ ಒಳಗಾಗುವ ಉಪಕರಣಗಳನ್ನು ಅಮೆರಿಕದ ಫೆಡರಲ್ ಸಂಪರ್ಕ ಆಯೋಗವು ಹೆಸರಿಗೆ ಹ್ಯಾಮ್ ಆದರೂ ಸಿಬಿ ಪ್ರಸಾರಕಗಳೆಂದೇ ಪರಿಗಣಿಸಿ, ಪ್ರಮಾಣೀಕರಣವಿಲ್ಲದೆ ಮಾರುವುದನ್ನು ನಿಷೇಧಿಸಿದೆ. ಸಿಬಿಗೆ ಜನ್ಮಕೊಟ್ಟ ದೇಶದಲ್ಲಿಯೇ ಸಲ್ಲದ ಸರಕು ಇಲ್ಲಿ ಸಲ್ಲುವುದೆಂದು ನಂಬಲು ಕಾರಣವಿಲ್ಲ.

ಮೂರನೆಯದು ವಾಹನಕ್ಕೆಂದೇ ತಯಾರಾದ ಹ್ರಸ್ವತರಂಗದ (ಎಚ್‌ಎಫ್) ಹ್ಯಾಮ್ ಉಪಕರಣ. ಇದು ಕೇಳುವುದಕ್ಕೆ ಎಲ್ಲ ಕಂಪನಾಂಕಗಳಲ್ಲಿಯೂ ತೆರೆದಿರುತ್ತದೆ, ಪ್ರಸಾರಕ್ಕೆ ಹವ್ಯಾಸಿ ಬ್ಯಾಂಡುಗಳಲ್ಲಿ ಮಾತ್ರ ತೆರೆಯುತ್ತದೆ. ತಯಾರಕರು ಹಾಕಿದ ಈ ತಡೆಯನ್ನು ತೆಗೆಸುವ ಅಗತ್ಯ ಹವ್ಯಾಸಿಗೆ ಎಂದೂ ಬೀಳದು. ಸಿಬಿ ಚಾನೆಲಿನಲ್ಲಿ ಏನು ನಡೆಯುತ್ತಿದೆ ಎಂದು ಆಲಿಸುವ ಆಸೆಯಷ್ಟೇ ಇದ್ದಲ್ಲಿ, ಪರವಾನಗಿದಾರನಿಗೆ ಈ ಉಪಕರಣವೇ ಸಾಕು. ಎರಡೂ ಬ್ಯಾಂಡಿನ ರೇಡಿಯೋ ಬೇಕೆಂದು ಬರುವವರಲ್ಲಿ ಹಲವರಿಗೆ ನಿಜಕ್ಕೂ ಬೇಕಿರುವುದು ಇಷ್ಟೇ ಆಗಿರುತ್ತದೆ.

ವಿದೇಶದಿಂದ ತರುವ ಸಿಬಿ ಉಪಕರಣ

ಹೊರದೇಶಗಳಲ್ಲಿರುವ ಬಂಧುಗಳು ಉಡುಗೊರೆಯಾಗಿ ತರುವ ಸಿಬಿ ಉಪಕರಣಗಳ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. ಅಮೆರಿಕದಲ್ಲಿ 27 ಮೆಗಾಹರ್ಟ್ಸ್‌ನ ಸಿಬಿ ಸೇವೆ 1958ರಲ್ಲಿ ಆರಂಭವಾಯಿತು. 1970ರ ದಶಕದ ತೈಲ ಬಿಕ್ಕಟ್ಟಿನ ಕಾಲದಲ್ಲಿ ಲಾರಿ ಚಾಲಕರು ಎಲ್ಲಿ ಡೀಸೆಲ್ ಸಿಗುತ್ತದೆ, ಎಲ್ಲಿ ವೇಗಮಿತಿಯ ತಪಾಸಣೆ ಇದೆ ಎಂದು ಪರಸ್ಪರ ತಿಳಿಸಲು ಇದನ್ನು ಬಳಸಿದ್ದರಿಂದ ಅದು ಮನೆಮಾತಾಯಿತು. ಜನಸಂದಣಿ ಹೆಚ್ಚಿ, 1977ರ ಆರಂಭದಿಂದ ಚಾನೆಲುಗಳ ಸಂಖ್ಯೆಯನ್ನು 23ರಿಂದ 40ಕ್ಕೆ ಏರಿಸಲಾಯಿತು. ಈ 40 ಚಾನೆಲುಗಳು 26.965 ಮೆಗಾಹರ್ಟ್ಸ್‌ನಿಂದ 27.405 ಮೆಗಾಹರ್ಟ್ಸ್‌ವರೆಗೆ ಹರಡಿವೆ.

ಭಾರತದ ಪಟ್ಟಿ 27.283ಕ್ಕೆ ಮುಗಿಯುತ್ತದೆ. ಲೆಕ್ಕ ಹಾಕಿದರೆ ಅಮೆರಿಕದ ಕ್ರಮಸಂಖ್ಯೆಯ 27ನೆಯ ಚಾನೆಲು 27.275 ಮೆಗಾಹರ್ಟ್ಸ್‌ನಲ್ಲಿದ್ದು ಪಟ್ಟಿಯೊಳಗೆ ಬರುತ್ತದೆ. 28ನೆಯದು 27.285ರಲ್ಲಿದ್ದು ಹೊರಗೆ ಬೀಳುತ್ತದೆ. ಅಂದರೆ 1ರಿಂದ 27ರವರೆಗಿನ ಚಾನೆಲುಗಳು ಮಾತ್ರ ಇಲ್ಲಿನ ಪಟ್ಟಿಗೆ ಹೊಂದುತ್ತವೆ. 28ರಿಂದ 40ರವರೆಗಿನ 13 ಚಾನೆಲುಗಳು ವಿನಾಯಿತಿಯ ಆಚೆಗಿನವು. ಉಪಕರಣದ ಗುಂಡಿ ಮಾತ್ರ 40ರವರೆಗೂ ತಡೆಯಿಲ್ಲದೆ ತಿರುಗುತ್ತದೆ. ಸಾಮರ್ಥ್ಯದ ವಿಷಯದಲ್ಲಿಯೂ ವ್ಯತ್ಯಾಸವಿದೆ. ಅಲ್ಲಿ ಎಎಂ ವಿಧಾನದಲ್ಲಿ 4 ವ್ಯಾಟ್ ವಾಹಕ ಸಾಮರ್ಥ್ಯಕ್ಕೂ ಏಕಪಾರ್ಶ್ವ (ಎಸ್‌ಎಸ್‌ಬಿ) ವಿಧಾನದಲ್ಲಿ 12 ವ್ಯಾಟ್ ಶಿಖರ ಸಾಮರ್ಥ್ಯಕ್ಕೂ ಅವಕಾಶವಿದೆ. ಇಲ್ಲಿ ಮಿತಿ 5 ವ್ಯಾಟ್. ಆದುದರಿಂದ ಏಕಪಾರ್ಶ್ವ ಸೌಲಭ್ಯವಿರುವ ಅಮೆರಿಕನ್ ಉಪಕರಣವು ದುಬಾರಿಯಾದುದೇ ಹೊರತು ಇಲ್ಲಿನವರಿಗೆ ಉತ್ತಮವಾದುದಲ್ಲ.

ಬ್ರಿಟನ್ನಿನಿಂದ ತರುವ ಹಳೆಯ ಉಪಕರಣಗಳ ಕಥೆ ಇನ್ನೂ ಬೇರೆ. ಅಲ್ಲಿ 1981ರ ನವೆಂಬರಿನಲ್ಲಿ ಸಿಬಿಗೆ ಕಾನೂನಿನ ಮಾನ್ಯತೆ ದೊರೆತಾಗ ನೀಡಲಾದ 40 ಚಾನೆಲುಗಳು 27.601ರಿಂದ 27.991 ಮೆಗಾಹರ್ಟ್ಸ್‌ವರೆಗೆ ಇದ್ದವು. ಅವುಗಳಲ್ಲಿ ಒಂದೂ ಭಾರತದ ಪಟ್ಟಿಗೆ ಸೇರುವುದಿಲ್ಲ. ಎರಡೂ ಉಪಕರಣಗಳ ಮೇಲೆ "ಸಿಬಿ, 40 ಚಾನೆಲ್, 27 ಮೆಗಾಹರ್ಟ್ಸ್" ಎಂದೇ ಬರೆದಿರುತ್ತದೆ ಎಂಬುದನ್ನು ಗಮನದಲ್ಲಿಡತಕ್ಕದ್ದು.

ಅಂತರಜಾಲದ ಮಾರುಕಟ್ಟೆಯ ಮೂಲಕ ಖರೀದಿಸುವವರು ಉಪಕರಣದ ಕಂಪನಾಂಕ ವ್ಯಾಪ್ತಿಯನ್ನೂ ಮಾದರಿ ಅನುಮೋದನೆಯ ವಿವರವನ್ನೂ ಪುಟದಲ್ಲಿಯೇ ನೋಡಿಕೊಳ್ಳಬೇಕು. ವಾಕಿಟಾಕಿ ಮೊದಲಾದ ರೇಡಿಯೋ ಉಪಕರಣಗಳ ಅಕ್ರಮ ಮಾರಾಟವನ್ನು ತಡೆಯಲು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದೆ. ಈ ವಿವರಗಳಿಲ್ಲದ ಪುಟದಿಂದ ಕೊಳ್ಳದಿರುವುದೇ ಕ್ಷೇಮ.

ಮೊದಲು ತೀರ್ಮಾನಿಸಬೇಕಾದುದು: ಆ ಕಡೆಯಲ್ಲಿ ಯಾರಿರುತ್ತಾರೆ

ಉಪಕರಣದ ಗುಣಗಳ ಪಟ್ಟಿಯನ್ನು ಹೋಲಿಸುವ ಮುನ್ನ ಅರ್ಜಿದಾರನು ತಾನು ಯಾರೊಡನೆ ಮಾತನಾಡಬೇಕಾಗಿದೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ರೇಡಿಯೋ ಖರೀದಿಯಲ್ಲಿ ಆಗುವ ನಿರಾಶೆಗಳಲ್ಲಿ ಹೆಚ್ಚಿನವು ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳದೆ ಇದ್ದುದರಿಂದ ಆಗುತ್ತವೆ.

ಅಮೆರಿಕದ ಹೆದ್ದಾರಿಯಲ್ಲಿ ಸಿಬಿಯ 19ನೆಯ ಚಾನೆಲಿನಲ್ಲಿ ಕೂಗಿದರೆ ಯಾವುದೋ ಲಾರಿಯವನು ಉತ್ತರಿಸುತ್ತಾನೆ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಕೂಗಿದರೆ ಉತ್ತರ ಬರುವ ಸಂಭವ ಬಹಳ ಕಡಿಮೆ. ಭಾರತದಲ್ಲಿ ವಾಹನಗಳಲ್ಲಿ ಸಿಬಿ ಇಟ್ಟುಕೊಂಡವರು ವಿರಳ. ಆದ್ದರಿಂದ ಇಲ್ಲಿ ಸಿಬಿಯು ಉಪಯುಕ್ತವಾಗುವುದು ಒಟ್ಟಿಗೆ ಪ್ರಯಾಣಿಸುವ ಎರಡು ಮೂರು ವಾಹನಗಳವರು ಮೊದಲೇ ಮಾತನಾಡಿಕೊಂಡು ಒಂದೇ ಬಗೆಯ ಉಪಕರಣ ಹಾಕಿಸಿಕೊಂಡಾಗ ಮಾತ್ರ. ಹೀಗೆ ಹಿಂದುಮುಂದಾಗಿ ಸಾಗುವ ವಾಹನಗಳಿಗೆ ಕೆಲವು ಕಿಲೋಮೀಟರುಗಳ ವ್ಯಾಪ್ತಿ ಸಾಕಾಗುತ್ತದೆ. ಇದೇ ಕೆಲಸಕ್ಕೆ 446.0–446.2 ಮೆಗಾಹರ್ಟ್ಸ್‌ನ ಅಲ್ಪ ಸಾಮರ್ಥ್ಯದ ಕೈರೇಡಿಯೋಗಳೂ ಇವೆ. ಅವುಗಳಿಗೆ 2018ರಲ್ಲಿ ಪರವಾನಗಿಯಿಂದ ವಿನಾಯಿತಿ ನೀಡಲಾಯಿತು. ಅವುಗಳಿಗೂ ಮಾದರಿ ಅನುಮೋದನೆ ಕಡ್ಡಾಯ.

ದೂರದ ಊರಿನವರೊಡನೆ ಮಾತನಾಡುವುದು, ಊರಿನ ಹವ್ಯಾಸಿ ಸಂಘದ ಜಾಲಕ್ಕೆ ಸೇರುವುದು, ವಿಪತ್ತಿನ ವೇಳೆ ನೆರವಾಗುವುದು ಮುಂತಾದ ಉದ್ದೇಶವಿರುವವರಿಗೆ ಹವ್ಯಾಸಿ ಸೇವೆಯೇ ದಾರಿ. 2004ರ ಡಿಸೆಂಬರ್ 26ರ ಸುನಾಮಿಯ ಸಂದರ್ಭದಲ್ಲಿ ಭಾರತಿ ಪ್ರಸಾದ್ (ವಿಯು2ಆರ್‌ಬಿಐ) ಮತ್ತು ಸಂಗಡಿಗರು ಹವ್ಯಾಸಿ ಪ್ರಸಾರಕ್ಕೆಂದು ಪೋರ್ಟ್ ಬ್ಲೇರ್‌ನಲ್ಲಿದ್ದರು. ದೂರವಾಣಿ ಕಡಿದುಹೋದ ಆ ದಿನಗಳಲ್ಲಿ ಅವರ ಕೇಂದ್ರವೇ ಅಂಡಮಾನ್‌ನಿಂದ ಮುಖ್ಯ ಭೂಭಾಗಕ್ಕೆ ಕ್ಷೇಮ ಸಮಾಚಾರಗಳನ್ನು ಮುಟ್ಟಿಸಿತು. ಆ ಸಂದೇಶಗಳು ತಲುಪಿದ್ದು ಆ ಕಡೆಯಲ್ಲಿ ಕೇಳುತ್ತಿದ್ದ ನೂರಾರು ಪರವಾನಗಿದಾರರಿದ್ದುದರಿಂದ. ಅಷ್ಟು ಕಿವಿಗಳು ಇಲ್ಲಿನ ಸಿಬಿ ಚಾನೆಲುಗಳಲ್ಲಿ ಇಲ್ಲ.

ಹವ್ಯಾಸಿ ಸೇವೆಯ ಕಟ್ಟುಪಾಡುಗಳೂ ಇವೆ. ವ್ಯಾಪಾರ ಸಂಬಂಧವಾದ ಮಾತಿಗೆ ಅವಕಾಶವಿಲ್ಲ. ಗುಪ್ತಲಿಪಿಯ ಸಂದೇಶ ಕಳುಹಿಸುವಂತಿಲ್ಲ. ಕರೆ ಸಂಕೇತ ಹೇಳದೆ ಮಾತನಾಡುವಂತಿಲ್ಲ. ಚಾಲಕನಿಗೆ ಪರವಾನಗಿ ಇದ್ದು ಪಕ್ಕದಲ್ಲಿ ಕುಳಿತ ಪತ್ನಿಗೋ ಮಗನಿಗೋ ಇಲ್ಲದಿದ್ದಲ್ಲಿ, ಅವರ ಕೈಗೆ ಮೈಕು ಕೊಟ್ಟು ಮಾತನಾಡಿಸುವಂತಿಲ್ಲ. ಕುಟುಂಬದವರೆಲ್ಲರೂ ಮಾತನಾಡಬೇಕೆಂಬುದೇ ಉದ್ದೇಶವಾದರೆ ಸಿಬಿಯು ಇಲ್ಲಿ ಮೇಲು. ಸಾರಿಗೆ ಉದ್ಯಮದವರು ತಮ್ಮ ಲಾರಿಗಳ ನಿರ್ವಹಣೆಗೆ ಹವ್ಯಾಸಿ ಪರವಾನಗಿಯನ್ನು ಬಳಸಲಾಗದು. ಅವರು ಸ್ವಂತ ಬಳಕೆಯ ರೇಡಿಯೋ ಜಾಲಕ್ಕೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು.

ದೂರ ಮತ್ತು ಭೂಪ್ರದೇಶ

ಮಾರಾಟ ಪತ್ರಗಳಲ್ಲಿ ಅಚ್ಚಾಗುವ "50 ಕಿಲೋಮೀಟರ್ ವ್ಯಾಪ್ತಿ"ಯಂತಹ ಮಾತುಗಳನ್ನು ನಂಬಬಾರದು. 144 ಹಾಗೂ 434 ಮೆಗಾಹರ್ಟ್ಸ್‌ನ ಅಲೆಗಳು ಬಹುಮಟ್ಟಿಗೆ ನೇರ ದೃಷ್ಟಿರೇಖೆಯಲ್ಲಿ ಸಾಗುತ್ತವೆ. ಬಯಲುಸೀಮೆಯಲ್ಲಿ ಗುಡ್ಡದ ಮೇಲಿನ ಪುನರ್‌ಪ್ರಸಾರ ಕೇಂದ್ರದ ನೆರವಿನಿಂದ ಹತ್ತಾರು ಕಿಲೋಮೀಟರ್ ಮಾತನಾಡಬಹುದಾದ ಉಪಕರಣವು ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮೂಕವಾಗಬಹುದು. 27 ಮೆಗಾಹರ್ಟ್ಸ್‌ನ ಅಲೆ ಅಡೆತಡೆಗಳನ್ನು ಸ್ವಲ್ಪ ಹೆಚ್ಚು ಬಳಸಿ ಹಾಯುತ್ತದೆ. ಆದರೆ 5 ವ್ಯಾಟಿನಲ್ಲಿ ಅದರಿಂದಲೂ ಪವಾಡ ನಿರೀಕ್ಷಿಸಲಾಗದು. ಇದೇ ಪಟ್ಟಿಯನ್ನು ಕೈಗಾರಿಕಾ ಹಾಗೂ ವೈದ್ಯಕೀಯ ತಾಪಕ ಯಂತ್ರಗಳೂ ಬಳಸುವುದರಿಂದ ಕೈಗಾರಿಕಾ ಪ್ರದೇಶಗಳ ಬಳಿ ಕರಕರ ಸದ್ದು ಹೆಚ್ಚಾಗಿರುತ್ತದೆ.

ಸೂರ್ಯನ ಚಟುವಟಿಕೆ ಏರಿದ ವರ್ಷಗಳಲ್ಲಿ 27 ಮತ್ತು 28 ಮೆಗಾಹರ್ಟ್ಸ್‌ನ ಅಲೆಗಳು ಅಯಾನುಮಂಡಲದಿಂದ ಪ್ರತಿಫಲಿಸಿ ಖಂಡಾಂತರ ತಲುಪುತ್ತವೆ. 2019ರ ಡಿಸೆಂಬರಿನಲ್ಲಿ ಆರಂಭವಾದ ಸೌರಚಕ್ರವು 2024ರಲ್ಲಿ ತನ್ನ ಗರಿಷ್ಠ ಅವಧಿಯನ್ನು ತಲುಪಿತು. ಇಂತಹ ವರ್ಷಗಳಲ್ಲಿ 28 ಮೆಗಾಹರ್ಟ್ಸ್‌ನ ಹವ್ಯಾಸಿಗೆ ಹಬ್ಬ. ಸಿಬಿಯವನಿಗೆ ಅದೇ ತೊಂದರೆ: ಎಲ್ಲಿಯದೋ ಪರಭಾಷೆಯ ಮಾತು ಚಾನೆಲನ್ನು ತುಂಬಿ, 2 ಕಿಲೋಮೀಟರ್ ಹಿಂದಿರುವ ಜೊತೆಯ ವಾಹನದ ಧ್ವನಿ ಮುಳುಗಿಹೋಗುತ್ತದೆ.

ಆಂಟೆನಾ: ಹಣ ಹಾಕಬೇಕಾದ ಸ್ಥಳ

ಉಪಕರಣಕ್ಕೆ ಹಣ ಸುರಿದು ಆಂಟೆನಾದಲ್ಲಿ ಉಳಿತಾಯ ಮಾಡುವುದು ಸಾಮಾನ್ಯ ತಪ್ಪು. ಕಾಲು ತರಂಗದ ಆಂಟೆನಾ ಸಿಬಿಗೆ ಸುಮಾರು 2.75 ಮೀಟರ್ ಉದ್ದ, 145 ಮೆಗಾಹರ್ಟ್ಸ್‌ಗೆ ಸುಮಾರು ಅರ್ಧ ಮೀಟರ್, 435ಕ್ಕೆ ಸುಮಾರು 17 ಸೆಂಟಿಮೀಟರ್. ಈ ಅಂಕಿಗಳನ್ನು ನೋಡಿದರೆ ಒಂದೇ ಕಡ್ಡಿ ಎಲ್ಲಕ್ಕೂ ಆಗದೆಂಬುದು ತಾನಾಗಿ ತಿಳಿಯುತ್ತದೆ. ಕಾರಿನ ಮೇಲೆ 2.75 ಮೀಟರಿನ ಕಡ್ಡಿ ನಿಲ್ಲಿಸುವುದು ಕಷ್ಟವಾದ್ದರಿಂದ ಸುರುಳಿ ಸೇರಿಸಿ ಒಂದು, ಒಂದೂವರೆ ಮೀಟರಿಗೆ ಇಳಿಸಿದ ಆಂಟೆನಾಗಳನ್ನು ಮಾರಲಾಗುತ್ತದೆ. ಗಿಡ್ಡವಾದಷ್ಟೂ ದಕ್ಷತೆ ಕುಗ್ಗುತ್ತದೆ, ಹೊಂದಿಕೆಯಾಗುವ ಕಂಪನಾಂಕದ ಅಗಲವೂ ಕುಗ್ಗುತ್ತದೆ. ಹೀಗಾಗಿ 27ಕ್ಕೆ ಹೊಂದಿಸಿದ ಗಿಡ್ಡ ಆಂಟೆನಾ, ಹತ್ತಿರದ್ದೇ ಆದ 28.5ಕ್ಕೂ ಸರಿಹೋಗುವುದೆಂಬ ಭರವಸೆ ಇಲ್ಲ. ಅಳವಡಿಸಿದ ದಿನವೇ ನಿಂತ ಅಲೆಯ ಅನುಪಾತವನ್ನು (ಎಸ್‌ಡಬ್ಲ್ಯುಆರ್) ಅಳತೆಮಾಪಕದಿಂದ ನೋಡಿಕೊಳ್ಳತಕ್ಕದ್ದು. ಅದು 2ಕ್ಕಿಂತ ಕಡಿಮೆ ಇದ್ದರೆ ಸಾಕು. 3ನ್ನು ಮೀರಿದರೆ ಪ್ರಸಾರದ ಟ್ರಾನ್ಸಿಸ್ಟರುಗಳಿಗೆ ಅಪಾಯ.

ಆಂಟೆನಾಕ್ಕೆ ಕೆಳಗಿನ ಲೋಹದ ಛಾವಣಿಯೇ ನೆಲವಾಗಿ ಒದಗಬೇಕು. ಛಾವಣಿಯ ನಡುಭಾಗ ಅತ್ಯುತ್ತಮ, ಹಿಂಬದಿಯ ಬಂಪರ್ ಅತ್ಯಂತ ಕನಿಷ್ಠ. ಅಯಸ್ಕಾಂತದ ಬುಡವಿರುವ ಆಂಟೆನಾ ಅಲ್ಯೂಮಿನಿಯಂ ಅಥವಾ ನಾರುಗಾಜಿನ ಮೈಯ ಮೇಲೆ ನಿಲ್ಲದು. ಮಾಮೂಲಿ ಸಪೂರ ಏಕಾಕ್ಷ ಕೇಬಲಿನಲ್ಲಿ 5 ಮೀಟರ್ ಸಾಗುವಷ್ಟರಲ್ಲಿ 27 ಮೆಗಾಹರ್ಟ್ಸ್‌ನಲ್ಲಿ ಆಗುವ ನಷ್ಟ ಅತ್ಯಲ್ಪ. ಅದೇ ಕೇಬಲಿನಲ್ಲಿ 435 ಮೆಗಾಹರ್ಟ್ಸ್‌ನಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಶಕ್ತಿ ದಾರಿಯಲ್ಲೇ ಕರಗುತ್ತದೆ. ಸಿಬಿಗೆ ಹಾಕಿದ್ದ ಕೇಬಲನ್ನೇ ಹ್ಯಾಮ್ ಉಪಕರಣಕ್ಕೂ ಜೋಡಿಸುವವರು ಇದನ್ನು ಗಮನಿಸಬೇಕು.

ವಿದ್ಯುತ್ ಸಂಪರ್ಕ ಮತ್ತು ಜೋಡಣೆ

ವಾಹನ ರೇಡಿಯೋಗಳು ಸಾಮಾನ್ಯವಾಗಿ 12ರಿಂದ 13.8 ವೋಲ್ಟಿನವು. ಸಿಬಿ ಉಪಕರಣ 2 ಆಂಪಿಯರ್ ಆಸುಪಾಸಿನಲ್ಲಿ ತೃಪ್ತಿಪಡುತ್ತದೆ. 50 ವ್ಯಾಟಿನ ಹ್ಯಾಮ್ ಉಪಕರಣ ಪ್ರಸಾರದ ವೇಳೆ 10 ಆಂಪಿಯರಿಗೂ, 100 ವ್ಯಾಟಿನ ಎಚ್‌ಎಫ್ ಉಪಕರಣ 20 ಆಂಪಿಯರಿಗೂ ಮೀರಿ ಎಳೆಯುತ್ತದೆ. ಸಿಗರೇಟು ಹಚ್ಚುವ ತೂತಿನಿಂದ ಇಷ್ಟು ವಿದ್ಯುತ್ ಪಡೆಯಲು ಯತ್ನಿಸಿದರೆ ತಂತಿ ಕಾದು ಬೆಂಕಿ ತಗಲುವ ಸಂಭವವಿದೆ. ದಪ್ಪ ತಂತಿಯನ್ನು ಬ್ಯಾಟರಿಯಿಂದಲೇ ಎಳೆದು, ಬ್ಯಾಟರಿಯ ಬಳಿಯಲ್ಲೇ ಫ್ಯೂಸ್ ಹಾಕಿಸಬೇಕು.

ಲಾರಿ ಮತ್ತು ಬಸ್ಸುಗಳಲ್ಲಿ 24 ವೋಲ್ಟಿನ ವ್ಯವಸ್ಥೆ ಇರುತ್ತದೆ. ನೇರವಾಗಿ ಜೋಡಿಸಿದರೆ ಉಪಕರಣ ಆ ಕ್ಷಣದಲ್ಲೇ ಹಾಳಾಗುತ್ತದೆ. ಎರಡು ಬ್ಯಾಟರಿಗಳ ಪೈಕಿ ಒಂದರಿಂದ ಮಾತ್ರ 12 ವೋಲ್ಟ್ ತೆಗೆದುಕೊಳ್ಳುವ ರೂಢಿ ಮೆಕ್ಯಾನಿಕ್ಕುಗಳಲ್ಲಿದೆ. ಹಾಗೆ ಮಾಡಿದಾಗ ಒಂದು ಬ್ಯಾಟರಿ ಸದಾ ಅರೆ ತುಂಬಿ, ಮತ್ತೊಂದು ಅತಿಯಾಗಿ ತುಂಬಿ ಎರಡೂ ಬೇಗ ಕೆಡುತ್ತವೆ. 24ರಿಂದ 12 ವೋಲ್ಟಿಗೆ ಇಳಿಸುವ ಪರಿವರ್ತಕವನ್ನು ಬಳಸುವುದೇ ಸರಿಯಾದ ಕ್ರಮ. ವಿದ್ಯುತ್ ವಾಹನಗಳಲ್ಲಿ ಇನ್ವರ್ಟರಿನ ಗದ್ದಲವು ಹ್ರಸ್ವತರಂಗಗಳ ಮೇಲೆ ಹೆಚ್ಚು ಬೀಳುವುದರಿಂದ, ಕೊಳ್ಳುವ ಮುನ್ನ ಅದೇ ವಾಹನದಲ್ಲಿ ಎರವಲು ಉಪಕರಣವೊಂದನ್ನು ಇರಿಸಿ ಕೇಳಿನೋಡುವುದು ಜಾಣತನ.

ನಿಯಂತ್ರಣ ಫಲಕವನ್ನು ಮಾತ್ರ ಬೇರ್ಪಡಿಸಿ ಮುಂದೆ ಇಟ್ಟು, ಉಪಕರಣದ ಮೈಯನ್ನು ಆಸನದ ಕೆಳಗೆ ಇರಿಸುವ ಸೌಲಭ್ಯವಿದ್ದರೆ ಜಾಗದ ಸಮಸ್ಯೆ ಬಹುಪಾಲು ನೀಗುತ್ತದೆ. ಹಾಗಿರುವಾಗ ಚಿಕ್ಕ ಸಿಬಿ ಉಪಕರಣವೊಂದನ್ನು ಪಕ್ಕದಲ್ಲಿ ಕೂರಿಸುವುದು ಕಷ್ಟವಲ್ಲ. ಎರಡೂ ಸೇವೆಗಳು ನಿಜಕ್ಕೂ ಬೇಕಾದವರಿಗೆ ಅನುಮೋದಿತ ಸಿಬಿ ಒಂದು, ಹ್ಯಾಮ್ ಉಪಕರಣ ಒಂದು ಎಂಬ ಈ ಏರ್ಪಾಡೇ ಯುಕ್ತ. ಒಂದು ಪ್ರಸಾರ ಮಾಡುವಾಗ ಮತ್ತೊಂದರ ಗ್ರಾಹಕಕ್ಕೆ ಪೆಟ್ಟಾಗದಂತೆ ಆಂಟೆನಾಗಳನ್ನು ಸಾಧ್ಯವಾದಷ್ಟು ದೂರದಲ್ಲಿ, ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಇರಿಸಬೇಕು. ಗಾಳಿಚೀಲ ಬಿಚ್ಚಿಕೊಳ್ಳುವ ಜಾಗದಲ್ಲಿ ಏನನ್ನೂ ಕೂರಿಸಬಾರದು.

ಚಾಲನೆಯಲ್ಲಿರುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನಗಳ ಬಳಕೆಯನ್ನು 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಅಧಿನಿಯಮದ 184ನೆಯ ಪ್ರಕರಣವು ಅಪಾಯಕಾರಿ ಚಾಲನೆಯ ವ್ಯಾಪ್ತಿಗೆ ತಂದಿದೆ. ರೇಡಿಯೋದ ಮೈಕು ಕೈಯಲ್ಲಿ ಹಿಡಿಯುವಂಥದ್ದೇ ಆದುದರಿಂದ, ಚಾಲಕನು ವಾಹನವನ್ನು ಬದಿಗೆ ನಿಲ್ಲಿಸಿ ಮಾತನಾಡತಕ್ಕದ್ದು.

ಅರ್ಜಿಯ ಕ್ರಮ

ಹವ್ಯಾಸಿ ಪರವಾನಗಿಗಾಗಿ 12 ವರ್ಷ ತುಂಬಿದ ಭಾರತೀಯ ನಾಗರಿಕರು ಪರೀಕ್ಷೆಗೆ ಕುಳಿತುಕೊಳ್ಳಬಹುದೆಂಬುದು ರೂಢಿಯಲ್ಲಿರುವ ನಿಯಮ. ನಿರ್ಬಂಧಿತ ಮತ್ತು ಸಾಮಾನ್ಯ ಎಂಬ ಎರಡು ದರ್ಜೆಗಳಿದ್ದು, ಸಾಮಾನ್ಯ ದರ್ಜೆಗೆ ಮೋರ್ಸ್ ಸಂಕೇತದ ಪರೀಕ್ಷೆಯೂ ಸೇರಿದೆ. ಅರ್ಜಿಗಳನ್ನು ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಅಂತರಜಾಲ ತಾಣದ ಮೂಲಕ ಸಲ್ಲಿಸಬೇಕು. ದರ್ಜೆಗೆ ತಕ್ಕಂತೆ ಬಳಸಬಹುದಾದ ಬ್ಯಾಂಡುಗಳೂ ಸಾಮರ್ಥ್ಯವೂ ಬೇರೆಯಾಗುತ್ತವೆ. ನಿರ್ಬಂಧಿತ ದರ್ಜೆಯವರು ಎಚ್‌ಎಫ್ ಉಪಕರಣಕ್ಕೆ ಹಣ ಹಾಕುವ ಮುನ್ನ ತಮ್ಮ ಪರವಾನಗಿಯ ಅನುಸೂಚಿಯನ್ನು ಸಾಲುಸಾಲಾಗಿ ಓದಿಕೊಳ್ಳುವುದು ಅಗತ್ಯ. ಪರವಾನಗಿಯಲ್ಲಿ ಕೇಂದ್ರದ ಸ್ಥಿರ ವಿಳಾಸವನ್ನು ನಮೂದಿಸಲಾಗಿರುತ್ತದೆ. ವಾಹನದಲ್ಲಿ ಬಳಸುವ ಉದ್ದೇಶವಿದ್ದರೆ ಅದಕ್ಕೆ ಪರವಾನಗಿಯ ಷರತ್ತುಗಳಲ್ಲಿ ಅವಕಾಶವಿದೆಯೇ, ಪ್ರತ್ಯೇಕ ಅನುಮತಿ ಬೇಕೇ ಎಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು.

ಪರೀಕ್ಷೆ, ಫಲಿತಾಂಶ, ಪರವಾನಗಿ ಎಂದು ಹಂತಗಳು ಕಳೆಯಲು ಕಾಲ ಹಿಡಿಯುತ್ತದೆ. ಉತ್ಸಾಹದಲ್ಲಿ ಮೊದಲೇ ಉಪಕರಣ ತರಿಸಿಕೊಂಡವರ ಪೊಟ್ಟಣವನ್ನು ಸುಂಕದ ಅಧಿಕಾರಿಗಳು ಪರವಾನಗಿ ತೋರಿಸುವವರೆಗೆ ತಡೆಹಿಡಿಯಬಹುದು. ಕಾಯುವ ಅವಧಿಯಲ್ಲಿ ಹತ್ತಿರದ ಹವ್ಯಾಸಿ ಸಂಘದಲ್ಲಿ ಹಿರಿಯರ ಕೇಂದ್ರವನ್ನು ನೋಡಿ, ಅವರ ಉಪಕರಣಗಳ ಗುಣದೋಷಗಳನ್ನು ಕೇಳಿ ತಿಳಿಯುವುದು ಹೆಚ್ಚು ಪ್ರಯೋಜನಕರ.

ಈಗಾಗಲೇ ಖರೀದಿಸಿರುವವರು

ಎರಡೂ ಬ್ಯಾಂಡುಗಳಲ್ಲಿ ಪ್ರಸಾರ ಮಾಡುವ ಉಪಕರಣವನ್ನು ಈಗಾಗಲೇ ಹೊಂದಿರುವ ಪರವಾನಗಿದಾರರು ಮಾರ್ಪಾಟನ್ನು ರದ್ದುಪಡಿಸಿ, ಪ್ರಸಾರವು ಹವ್ಯಾಸಿ ಬ್ಯಾಂಡುಗಳಿಗೆ ಸೀಮಿತವಾಗಿದೆಯೆಂದು ಅಳತೆ ಮಾಡಿಸಿಕೊಳ್ಳಬೇಕು. ಪರವಾನಗಿ ಇಲ್ಲದವರು ಅದನ್ನು ವಾಹನದಿಂದ ಕಳಚಿ, ವಿದ್ಯುತ್ ಮತ್ತು ಆಂಟೆನಾ ಸಂಪರ್ಕ ತೆಗೆದು, ಖರೀದಿಯ ರಸೀದಿಯೊಂದಿಗೆ ಇಲಾಖೆಯನ್ನು ವಿಚಾರಿಸತಕ್ಕದ್ದು. ಅದನ್ನು ಪರವಾನಗಿ ಇಲ್ಲದ ಮತ್ತೊಬ್ಬರಿಗೆ ಮಾರಿ ಕೈತೊಳೆದುಕೊಳ್ಳುವಂತಿಲ್ಲ. ಮಾರಾಟಗಾರನು ಅನುಮೋದನೆ ಇದೆಯೆಂದು ಸುಳ್ಳು ಹೇಳಿ ಮಾರಿದ್ದಲ್ಲಿ, ಮಾರಾಟ ಪುಟದ ಪ್ರತಿ ಹಾಗೂ ರಸೀದಿಯನ್ನು ಲಗತ್ತಿಸಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಸಲ್ಲಿಸಬಹುದು.